ಚಂಡೆ ಒಡೆಯದಂತೆ ಯಕ್ಷಗಾನ ಆಟದ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಹೋದ ವರ್ಷ ಅಡಕೆ ಕೊಯ್ಲಿನ ಹೊತ್ತಿಗೆ ಶಿರಸಿ ಕಡೆಯ ಭಾವ ಒಬ್ಬರು ಪೆನ್‌ಡ್ರೈವ್ ಹಿಡಿದು ಬಂದರು. ಅವರ ಅಪ್ಪ ಎಂಬತ್ತರ ದಶಕದಲ್ಲಿ ಯಕ್ಷಗಾನ ಆಟದ ರಂಗಸ್ಥಳದ ಪಕ್ಕ ಕೂತು ರೆಕಾರ್ಡ್ ಮಾಡಿಕೊಂಡ ಹದಿನಾಲ್ಕು ಕ್ಯಾಸೆಟ್ ಮನೆಯಲ್ಲಿದ್ದವು. ಪೇಟೆಯ ಸ್ಟುಡಿಯೊ ಒಂದಕ್ಕೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದ್ದರು. ಹಚ್ಚಿ ಕೇಳಿದೆ. ಭಾಗವತರು ಕೊಡಪಾನದೊಳಗೆ ಕೂತು ಹಾಡಿದ ಹಾಗಿತ್ತು. ಚಂಡೆ ಪೆಟ್ಟು ಬಿದ್ದಾಗಲೆಲ್ಲ ತಗಡಿನ ಮೇಲೆ ಕಲ್ಲು ಸುರಿದ ಸದ್ದು. ಶ್ರುತಿ ಎಲ್ಲಿ ಹೋಯಿತೋ ಗೊತ್ತಿಲ್ಲ. "ಭಾವಾ, ಇದು ಆಟವೋ ಗಿರಣಿಯೋ?" ಅಂದರು ಅವರು.

ಕ್ಯಾಸೆಟ್ ಹಾಳಾಗಿರಲಿಲ್ಲ. ಅದೇ ಹದಿನಾಲ್ಕನ್ನು ನಾನು ಮತ್ತೆ ಇಳಿಸಿದೆ, ಆಡಾಸಿಟಿ ಎಂಬ ಬಿಟ್ಟಿ ಸಾಫ್ಟ್‌ವೇರ್‌ನಲ್ಲಿ. ಸ್ಟುಡಿಯೊದವರ ಹತ್ತಿರ ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ಇತ್ತು. ಕೆಟ್ಟದ್ದು ಸಾಫ್ಟ್‌ವೇರ್‌ಗೆ ಬರುವ ಮೊದಲೇ.

ಆಡಾಸಿಟಿಯೇ ಯಾಕೆ? ಇದು 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ 2000ದಲ್ಲಿ ಹೊರಬಂತು. ಅಂದಿನಿಂದ ಇಂದಿನವರೆಗೂ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ, ಹಳೇ ಲ್ಯಾಪ್‌ಟಾಪ್ ಸಾಕು. ನಾನೂ ಒಮ್ಮೆ ದುಡ್ಡು ಕೊಟ್ಟು ಬೇರೊಂದಕ್ಕೆ ವರ್ಷದ ಚಂದಾ ಕಟ್ಟಿದ್ದೆ. ಚಂದಾ ಮುಗಿದ ಮರುದಿನ ನನ್ನದೇ ಫೈಲು ನನಗೇ ತೆರೆಯಲಿಲ್ಲ. ಇನ್ನೊಂದು ಕಾರಣ ನಮ್ಮ ಮಳೆಗಾಲ. ರೆಕಾರ್ಡಿಂಗ್ ನಡುವೆ ಕರೆಂಟು ಹೋಗಿ ಕಂಪ್ಯೂಟರ್ ಆರಿದರೂ, ಮುಂದಿನ ಸಲ ತೆರೆದಾಗ ಆಡಾಸಿಟಿ "ಅರ್ಧಕ್ಕೆ ನಿಂತದ್ದು ಇದೆ, ಬೇಕಾ?" ಎಂದು ಕೇಳುತ್ತದೆ. ಘಟ್ಟದ ಮೇಲಿನವರಿಗೆ ಇದೊಂದೇ ಸಾಕು.

ಇದನ್ನು ಆಡಾಸಿಟಿಯವರದೇ ತಾಣದಿಂದ ಇಳಿಸಿಕೊಳ್ಳಿ. ಅಂಗಡಿಯಲ್ಲಿ ಯಾರೋ ಕೊಡುವ 'ಕ್ರ್ಯಾಕ್' ಸಾಫ್ಟ್‌ವೇರ್ ಬೇಡ, ಅದರ ಜೊತೆಗೆ ವೈರಸ್ ಉಚಿತ. ಇದನ್ನಾದರೆ ನೀವೇ ಪೆನ್‌ಡ್ರೈವ್‌ಗೆ ಹಾಕಿ ಊರಿಗೆಲ್ಲ ಹಂಚಬಹುದು. ಕಾನೂನೇ ಒಪ್ಪುತ್ತದೆ.

ಮೊದಲು ಕ್ಯಾಸೆಟ್

ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿ ಮುರಿಯಿರಿ. ಎಲ್ಲಕ್ಕಿಂತ ಮೊದಲು ಇದು. ಕಿವಿ ಇಲ್ಲದ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಬಟನ್ ಒತ್ತಿದರೂ ಇಳಿಯುವುದಿಲ್ಲ. ಭಾಗವತ ಕಾಳಿಂಗ ನಾವಡರು 1990ರಲ್ಲೇ ಹೋದರು, ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ. ಅಂಥವರ ದನಿಯ ಮೇಲೆ ನಿಮ್ಮ ಮನೆಯ ನಾಯಿ ಬೊಗಳಿದ್ದು ಕೂತರೆ ಮುಗಿಯಿತು.

ಆಮೇಲೆ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಬೆಳ್ಳಗೆ ಹಿಟ್ಟು ಉದುರಿಸಿದಂತೆ ಕಂಡರೆ ಬೂಸ್ಟು. ನಮ್ಮ ಕಡೆ ನಾಲ್ಕು ತಿಂಗಳ ಮಳೆಯಲ್ಲಿ ಬೀರುವಿನೊಳಗಿನ ಚಪ್ಪಲಿಗೇ ಬೂಸ್ಟು ಬರುತ್ತದೆ, ಕ್ಯಾಸೆಟ್ ಬಿಡುತ್ತದೆಯೇ? ಅದನ್ನು ಹಾಗೇ ಹಚ್ಚಬೇಡಿ. ಬೂಸ್ಟು ಟೇಪಿನಿಂದ ದನಿ ಎತ್ತುವ ಹೆಡ್ಡಿಗೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬೇಸಿಗೆಯಲ್ಲಿ ನೆರಳಿನಲ್ಲಿಟ್ಟು ಒಣಗಿಸಿ. ಬಿಸಿಲು ಬೇಡ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪೆನ್ಸಿಲ್ ತೂರಿಸಿ ತಿರುಗಿಸುತ್ತ, ಟೇಪಿಗೆ ಒಣ ಮೆತ್ತನೆ ಬಟ್ಟೆ ತಾಗಿಸಿ ಒರೆಸಿ.

ಟೇಪಿನ ಹಿಂದೆ ಸ್ಪ್ರಿಂಗಿನ ಮೇಲೆ ಅಂಟಿಸಿದ ಪುಟ್ಟ ಮೆತ್ತೆ ಇರುತ್ತದೆ. ಅದು ಉದುರಿದ್ದರೆ ದನಿ ಮುಳುಗಿ ಏಳುತ್ತದೆ. ಐದು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ ಬಿಚ್ಚಿ, ಸುರುಳಿಗಳನ್ನು ಅದಕ್ಕೆ ವರ್ಗಾಯಿಸಿ. ಅಂಟಿಸಿ ಮುಚ್ಚಿದ ಅಗ್ಗದ ಕ್ಯಾಸೆಟ್ಟಾದರೆ ಅಂಚಿಗೆ ಚಾಕು ತೂರಿಸಿ ಒಡೆಯಬೇಕು.

ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೆ. ಸೀಮೆಎಣ್ಣೆ ಬೇಡ, ಸೆಂಟು ಬೇಡ. ಕೊಬ್ಬರಿ ಎಣ್ಣೆ ಹಾಕಿದವರನ್ನೂ ನೋಡಿದ್ದೇನೆ, ಅವರ ಬಗ್ಗೆ ಮಾತು ಬೇಡ.

ಹೆಡ್ಡಿನ ಓರೆ: ಯಾರೂ ಮಾಡದ ಕೆಲಸ

ಭಾಗವತರು ಕೊಡಪಾನದೊಳಗೆ ಕೂತದ್ದು ಇಲ್ಲಿ. ಟೇಪಿಗೆ ಹೆಡ್ಡು ನೇರ ಲಂಬವಾಗಿ ಮುಟ್ಟಬೇಕು. ಕೂದಲೆಳೆಯಷ್ಟು ವಾಲಿದರೂ ತೀಕ್ಷ್ಣವಾದ ಸದ್ದೆಲ್ಲ ಸತ್ತು ಮಂಕಾಗುತ್ತದೆ. ತಮಾಷೆ ಅಂದರೆ, ನಲವತ್ತು ವರ್ಷದ ಹಿಂದೆ ಅಜ್ಜ ರೆಕಾರ್ಡ್ ಮಾಡಿದ ಸೆಟ್ಟಿನ ಹೆಡ್ಡೇ ವಾಲಿದ್ದರೆ, ಇವತ್ತು ನಿಮ್ಮ ಹೆಡ್ಡನ್ನೂ ಅಷ್ಟೇ ವಾಲಿಸಬೇಕು. ಆ ಸೊಟ್ಟಕ್ಕೆ ಈ ಸೊಟ್ಟ ಹೊಂದಬೇಕು. ಹಾಗಾಗಿ ಒಂದೊಂದು ಕ್ಯಾಸೆಟ್ಟಿಗೂ ಬೇರೆ ಬೇರೆ ಹೊಂದಿಕೆ.

ಹೆಡ್ಡಿನ ಎಡಬಲಕ್ಕೆ ಎರಡು ಸ್ಕ್ರೂ. ಯಾವುದರ ಕೆಳಗೆ ಸ್ಪ್ರಿಂಗ್ ಇದೆಯೋ ಅದು ನಮ್ಮದು. ಇನ್ನೊಂದನ್ನು ಮುಟ್ಟಬೇಡಿ. ಬಾಗಿಲು ತೆಗೆದು ಕ್ಯಾಸೆಟ್ ಓಡಿಸಿ. ಎಡ ಬಲ ಎರಡನ್ನೂ ಸೇರಿಸಿ ಮೊನೊ ಮಾಡಿ ಕೇಳಿ, ಯಾಕೆಂದರೆ ವಾಲಿದ ಹೆಡ್ಡಿನಲ್ಲಿ ಎರಡೂ ಒಂದನ್ನೊಂದು ತಿಂದುಹಾಕಿ ಮಂಕು ಎದ್ದು ಕಾಣುತ್ತದೆ. ಈಗ ಸಣ್ಣ ಸ್ಕ್ರೂಡ್ರೈವರ್‌ನಿಂದ ಎಂಟನೇ ಒಂದು ಸುತ್ತು ಆಚೆ, ಎಂಟನೇ ಒಂದು ಸುತ್ತು ಈಚೆ. ಕಿವಿ ಭಾಗವತರ ಕೈತಾಳದ ಮೇಲಿರಲಿ. ಪದ್ಯದ ಮೇಲಲ್ಲ, ಮದ್ದಲೆಯ ಮೇಲೂ ಅಲ್ಲ. 'ತಪ್' ಎಂದು ಕೇಳುತ್ತಿದ್ದ ತಾಳ ಒಂದು ಜಾಗದಲ್ಲಿ ತಟ್ಟನೆ 'ಟಿಂಗ್' ಅನ್ನುತ್ತದೆ. ಅಲ್ಲೇ ನಿಲ್ಲಿ. ಇನ್ನೂ ತಿರುಗಿಸಿದರೆ ಮತ್ತೆ 'ತಪ್'.

ಆಯಸ್ಕಾಂತದ ತುದಿಯ ಸ್ಕ್ರೂಡ್ರೈವರ್ ಮಾತ್ರ ಬೇಡ, ಹೆಡ್ಡಿಗೂ ಆಯಸ್ಕಾಂತದ ಗುಣ ಅಂಟಿ ಸುಯ್‌ಗುಟ್ಟಲು ಶುರು. ಈ ಹಂತ ಬಿಟ್ಟು ಆಮೇಲೆ ಕಂಪ್ಯೂಟರಿನಲ್ಲಿ ಟ್ರೆಬಲ್ ಏರಿಸುತ್ತೇನೆ ಅನ್ನುವವರು ಬರೀ ಸುಯ್ ಶಬ್ದವನ್ನು ಏರಿಸುತ್ತಾರೆ. ಟೇಪಿನಿಂದ ಎತ್ತದ ಸದ್ದನ್ನು ಯಾವ ಸಾಫ್ಟ್‌ವೇರೂ ಹುಟ್ಟಿಸಲಾರದು.

ತಂತಿ

ಟೇಪ್ ರೆಕಾರ್ಡರಿನ ತಂತಿಯನ್ನು ಲ್ಯಾಪ್‌ಟಾಪಿನ ಒಂದೇ ತೂತಿಗೆ ಚುಚ್ಚಬೇಡಿ. ಅದು ಮೈಕ್ ತೂತು, ಮೊನೊ. ಕೆಂಪು ಬಿಳಿ ಎರಡು ತೂತಿನ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಬೆರಳುದ್ದದ ಅಗ್ಗದ ಯುಎಸ್‌ಬಿ ಕಡ್ಡಿಗಳಲ್ಲಿ ಲೈನ್ ಇನ್ ಇರುವುದಿಲ್ಲ, ಬರೀ ಮೈಕ್. ಹಾಗೆಯೇ ಕ್ಯಾಸೆಟ್ ಹಾಕಿದರೆ ನೇರ ಎಂಪಿ3 ಆಗುತ್ತದೆ ಎಂದು ಆನ್‌ಲೈನ್‌ನಲ್ಲಿ ಮಾರುವ ವಾಕ್‌ಮನ್‌ನಂಥ ಡಬ್ಬಿಯೂ ಬೇಡ. ನಾನೂ ಕೊಂಡಿದ್ದೆ. ವೇಗ ಕುಡಿದವನ ನಡಿಗೆ, ಲೆವೆಲ್ ಕೈಯಲ್ಲಿಲ್ಲ. ಈಗ ಮೊಮ್ಮಗನ ಆಟದ ಸಾಮಾನು.

ಹಮ್ ಎಂಬ ಗುಂಯ್‌ಗುಟ್ಟುವಿಕೆ ಕೇಳಿದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಕೊನೆಗೆ ಆಡಾಸಿಟಿಯ ನಾಚ್ ಫಿಲ್ಟರ್‌ನಲ್ಲಿ 50 ಹರ್ಟ್ಜ್ ಹಾಕಿ ತೆಗೆಯಬಹುದು.

ವಿಂಡೋಸ್‌ನವರು ಸೌಂಡ್ ಸೆಟ್ಟಿಂಗಿಗೆ ಹೋಗಿ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ ಆಫ್ ಮಾಡಲೇಬೇಕು. ಅದು ಫೋನಿನಲ್ಲಿ ಮಾತಾಡುವವರಿಗಾಗಿ ಇಟ್ಟದ್ದು. ಎಡೆಬಿಡದೆ ಒಂದೇ ಸಮ ಬರುವ ಸದ್ದೆಲ್ಲ ಫ್ಯಾನಿನ ಸದ್ದು ಎಂದುಕೊಂಡು ಅಳಿಸುತ್ತದೆ. ಶ್ರುತಿಪೆಟ್ಟಿಗೆ ಮತ್ತಿನ್ನೇನು ಮಾಡುತ್ತದೆ, ಹೇಳಿ?

ಲೆವೆಲ್: ಚಂಡೆ ಒಡೆಯುವುದು ಇಲ್ಲೇ

ಸ್ಟುಡಿಯೊದವರು ಮಾಡಿದ್ದೇನು ಗೊತ್ತಾ? ಶುರುವಿನ ಗಣಪತಿ ಸ್ತುತಿ ಕೇಳಿ, ಅದಕ್ಕೆ ಸರಿಯಾಗಿ ಲೆವೆಲ್ ಇಟ್ಟು, ಚಹಾ ಕುಡಿಯಲು ಹೋದರು. ಬರೀ ಮದ್ದಲೆ ಇದ್ದಾಗ ಚೆಂದ ಇತ್ತು. ರಾಕ್ಷಸ ವೇಷ ರಂಗಕ್ಕೆ ಬರುವ ಒಡ್ಡೋಲಗಕ್ಕೆ ಚಂಡೆ ಬಂತು, ಎಲ್ಲ ಚೂರು.

ನೀವು ಹೀಗೆ ಮಾಡಿ. ಕ್ಯಾಸೆಟ್ ಮುಂದಕ್ಕೆ ಓಡಿಸಿ, ಚಂಡೆಯ ಅಬ್ಬರ ಅತಿ ಜಾಸ್ತಿ ಇರುವ ಜಾಗ ಹುಡುಕಿ. ಒಡ್ಡೋಲಗವೋ ಯುದ್ಧದ ಪದ್ಯವೋ ಇರುತ್ತದೆ. ಆಡಾಸಿಟಿಯ ರೆಕಾರ್ಡಿಂಗ್ ಮೀಟರ್ ಚಾಲೂ ಮಾಡಿ. ಅಲ್ಲಿನ ಅತಿ ದೊಡ್ಡ ಪೆಟ್ಟು -6 ಡೆಸಿಬಲ್ ದಾಟದಂತೆ ಟೇಪ್ ರೆಕಾರ್ಡರಿನ ವಾಲ್ಯೂಮ್ ಇಳಿಸಿ. ಗಮನಿಸಿ, ಟೇಪ್ ರೆಕಾರ್ಡರಿನದು, ಆಡಾಸಿಟಿಯ ಸ್ಲೈಡರ್ ಅಲ್ಲ. ಸೌಂಡ್ ಕಾರ್ಡಿನ ಬಾಗಿಲಲ್ಲೇ ಒಡೆದುಹೋದ ದನಿಯನ್ನು ಸ್ಲೈಡರ್ ಎಳೆದು ಸಣ್ಣ ಮಾಡಿದರೆ, ಮೀಟರು ಹಸಿರಾಗೇ ಇರುತ್ತದೆ, ದನಿ ಒಡೆದೇ ಇರುತ್ತದೆ. ಅನುಮಾನ ಬಂದರೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಅಲೆಯನ್ನು ಹಿಗ್ಗಿಸಿ ನೋಡಿ. ತುದಿ ಮೊನಚಾಗಿರಬೇಕು. ಕತ್ತಿಯಲ್ಲಿ ಸವರಿದ ಬೇಲಿಯಂತೆ ಚಪ್ಪಟೆಯಾಗಿದ್ದರೆ ವಾಲ್ಯೂಮ್ ಇನ್ನೂ ಇಳಿಸಿ.

ಅಷ್ಟು ಸಣ್ಣಗೆ ರೆಕಾರ್ಡ್ ಮಾಡಿದರೆ ಮಾತು ಕೇಳುವುದಿಲ್ಲ ಅಂತ ಹೆದರಬೇಡಿ. ಆಡಾಸಿಟಿ ಒಳಗೆ 32 ಬಿಟ್‌ನಲ್ಲಿ ಲೆಕ್ಕ ಇಡುತ್ತದೆ. ಆಮೇಲೆ ಏರಿಸಿದರೆ ಏನೂ ಕೆಡುವುದಿಲ್ಲ. ಸಣ್ಣದನ್ನು ದೊಡ್ಡ ಮಾಡಬಹುದು, ಒಡೆದದ್ದನ್ನು ಕೂಡಿಸಲಾಗದು. ಕ್ಲಿಪ್ ಫಿಕ್ಸ್ ಎಂಬ ಎಫೆಕ್ಟ್ ಇದೆ ನಿಜ. ಅಲ್ಲೊಂದು ಇಲ್ಲೊಂದು ಪೆಟ್ಟಿಗೆ ಸರಿ, ಒಂದು ರಾತ್ರಿಯ ಚಂಡೆಗಲ್ಲ.

ರೆಕಾರ್ಡ್

44100 ಹರ್ಟ್ಜ್, ಸ್ಟೀರಿಯೊ. ಟೈಮರ್ ರೆಕಾರ್ಡ್‌ನಲ್ಲಿ 47 ನಿಮಿಷ ಹಾಕಿ, ತೊಂಬತ್ತು ನಿಮಿಷದ ಸಿ-90 ಕ್ಯಾಸೆಟ್ಟಿನ ಒಂದು ಬದಿ ಆಗುತ್ತದೆ. ಲ್ಯಾಪ್‌ಟಾಪ್ ನಿದ್ದೆ ಹೋಗದಂತೆ ಮಾಡಿ, ನೀವು ಕೊಟ್ಟಿಗೆ ಕೆಲಸಕ್ಕೆ ಹೋಗಿ.

ಸುಯ್ ಶಬ್ದ ತೆಗೆಯುವುದು

ಎಫೆಕ್ಟ್ ಮೆನುವಿನ ನಾಯ್ಸ್ ರಿಡಕ್ಷನ್ ಎರಡು ಹೆಜ್ಜೆಯದು. ಮೊದಲು ಬರೀ ಸುಯ್ ಇರುವ ಒಂದೆರಡು ಸೆಕೆಂಡ್ ಆರಿಸಿ 'ಗೆಟ್ ನಾಯ್ಸ್ ಪ್ರೊಫೈಲ್' ಒತ್ತಬೇಕು. ಆಮೇಲೆ ಇಡೀ ಟ್ರ್ಯಾಕ್ ಆರಿಸಿ ಎಫೆಕ್ಟ್ ಹಾಕಬೇಕು. ಎಲ್ಲರೂ ಎಡವುವುದು ಮೊದಲನೆಯದರಲ್ಲಿ. ಎರಡು ಪದ್ಯದ ನಡುವೆ ಸುಮ್ಮನಿರುವ ಜಾಗ ಆರಿಸುತ್ತಾರೆ. ಅದು ಸುಮ್ಮನಿಲ್ಲ ಮಾರಾಯರೇ, ಅಲ್ಲಿ ಶ್ರುತಿ ಇದೆ! ಶ್ರುತಿಯನ್ನೇ ತೋರಿಸಿ "ಇದು ಕಸ" ಎಂದರೆ ಅದು ಇಡೀ ರಾತ್ರಿಯ ಶ್ರುತಿ ಗುಡಿಸುತ್ತದೆ, ಜೊತೆಗೆ ಭಾಗವತರ ಷಡ್ಜವನ್ನೂ ಸ್ವಲ್ಪ ಗುಡಿಸುತ್ತದೆ. ಶ್ರುತಿ ಹಿಡಿಯುವ ಮೊದಲಿನ ಜಾಗ ಹುಡುಕಿ. ಸಿಗದಿದ್ದರೆ ಈ ಹಂತವನ್ನೇ ಬಿಡಿ. ಸಿಕ್ಕರೂ 6ರಿಂದ 9 ಡೆಸಿಬಲ್ ಸಾಕು. 20, 25 ಹಾಕಿದರೆ ಎಲ್ಲರೂ ನೀರಿನೊಳಗಿಂದ ಮಾತಾಡುತ್ತಾರೆ. ಸ್ವಲ್ಪ ಸುಯ್ ಇದ್ದರೆ ಏನಾಯಿತು, ಆಟ ಕೇಳುವಾಗ ಜೀರುಂಡೆ ಕೂಗುತ್ತಿರಲಿಲ್ಲವೇ?

ಶ್ರುತಿ ಸರಿಪಡಿಸುವುದು

ಬೆಳಗಿನ ಜಾವದ ಕ್ಯಾಸೆಟ್‌ಗಳಲ್ಲಿ ಭಾಗವತರ ದನಿ ಹುಡುಗರ ದನಿಯಂತೆ ಏರಿರುತ್ತದೆ. ಅದು ಅವರ ಕಂಠಸಿರಿ ಅಲ್ಲ, ಸೆಲ್ಲು ಮುಗಿದದ್ದು. ಸೆಲ್ಲು ಇಳಿದಂತೆ ಆ ದಿನ ಟೇಪು ನಿಧಾನ ಓಡಿತ್ತು, ಈಗ ಸರಿಯಾದ ವೇಗದಲ್ಲಿ ಹಚ್ಚಿದರೆ ದನಿ ಏರುತ್ತದೆ. ಹಾರ್ಮೋನಿಯಂ ಹಿಡಿದು ನೋಡಿ. ಒಂದು ಮನೆ ಏರಿದ್ದರೆ ಚೇಂಜ್ ಸ್ಪೀಡ್ (ಹೊಸ ಆವೃತ್ತಿಯಲ್ಲಿ 'ಚೇಂಜ್ ಸ್ಪೀಡ್ ಆ್ಯಂಡ್ ಪಿಚ್') ಎಫೆಕ್ಟ್‌ನಲ್ಲಿ ಸುಮಾರು 6 ಪರ್ಸೆಂಟ್ ಇಳಿಸಿ. ಚೇಂಜ್ ಪಿಚ್ ಬೇಡ, ಅದು ಶ್ರುತಿ ಇಳಿಸಿ ತಾಳವನ್ನು ಓಡಲು ಬಿಡುತ್ತದೆ. ಎರಡೂ ಒಟ್ಟಿಗೆ ಇಳಿಯಬೇಕು. ಬರಬರುತ್ತ ಏರಿದ್ದರೆ ಪದ್ಯ ಪದ್ಯ ಬಿಡಿಸಿ ಬೇರೆ ಬೇರೆ ಇಳಿಸಿ. ತಾಳ್ಮೆ ಬೇಕು.

ಉಳಿಸುವುದು

ಪದ್ಯ ಶುರುವಾಗುವಲ್ಲಿ ಕಂಟ್ರೋಲ್ ಬಿ ಒತ್ತಿ ಹೆಸರು ಬರೆಯಿರಿ. ಎಕ್ಸ್‌ಪೋರ್ಟ್ ಮಾಡುವಾಗ ಮಲ್ಟಿಪಲ್ ಫೈಲ್ಸ್ ಆರಿಸಿದರೆ ಪದ್ಯಕ್ಕೊಂದು ಫೈಲು ತಾನೇ ಆಗುತ್ತದೆ. ಹೆಸರು ಹಾಕುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮದ್ದಲೆ ಯಾರದ್ದು, ಚಂಡೆ ಯಾರದ್ದು ಎಂದು ಎರಡು ಪೆಟ್ಟಿಗೇ ಹೇಳುವವರು ಇನ್ನೂ ಇದ್ದಾರೆ.

ಕಾಯ್ದಿಡುವ ಪ್ರತಿ ಫ್ಲ್ಯಾಕ್ ಎಂಬ ಬಗೆಯ ಫೈಲಿನಲ್ಲಿರಲಿ. ಅದೂ ಮುಕ್ತ, ಒಂದು ಚೂರೂ ಕಳೆಯದೆ ಜಾಗ ಉಳಿಸುತ್ತದೆ. ವೇವ್ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ. ಎಂಪಿ3 ವಾಟ್ಸ್‌ಆ್ಯಪ್‌ಗೆ ಕಳಿಸಲು ಮಾತ್ರ. ಕಡಿಮೆ ಬಿಟ್‌ರೇಟಿನಲ್ಲಿ ಮೊದಲು ಸಾಯುವುದು ನೀವು ಅಷ್ಟು ಕಷ್ಟಪಟ್ಟು ಎಬ್ಬಿಸಿದ ಆ ತಾಳದ 'ಟಿಂಗ್'. ಯೂಟ್ಯೂಬಿಗೆ ಹಾಕುವ ಮುಂಚೆ ಕಲಾವಿದರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳಿ.

ಹಳೇ ಆವೃತ್ತಿ ಬಳಸುವವರಿಗೆ ಒಂದು ಎಚ್ಚರಿಕೆ. 2021ರಲ್ಲಿ ಬಂದ 3ನೇ ಆವೃತ್ತಿಯಿಂದ ಪ್ರಾಜೆಕ್ಟ್ ಒಂದೇ ಫೈಲಿನಲ್ಲಿರುತ್ತದೆ. ಅದಕ್ಕೂ ಮೊದಲು ಪುಟ್ಟ ಫೈಲೊಂದು, ಪಕ್ಕದಲ್ಲಿ ಡೇಟಾ ಫೋಲ್ಡರ್ ಒಂದು ಆಗುತ್ತಿತ್ತು. ದನಿ ಇರುತ್ತಿದ್ದುದು ಫೋಲ್ಡರಿನಲ್ಲಿ. ನಾನು ಪುಟ್ಟ ಫೈಲನ್ನಷ್ಟೇ ಕಾಪಿ ಮಾಡಿ, ಹಳೇ ಕಂಪ್ಯೂಟರ್ ಗುಜರಿಗೆ ಹಾಕಿ, ಒಂದು ರಾತ್ರಿಯ ತಾಳಮದ್ದಲೆ ಕಳೆದುಕೊಂಡೆ. ಪುಣ್ಯಕ್ಕೆ ಕ್ಯಾಸೆಟ್ ಎಸೆದಿರಲಿಲ್ಲ. ನೀವೂ ಎಸೆಯಬೇಡಿ. ಪೂರ್ತಿ ಸುತ್ತಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಸ್ಪೀಕರಿನಿಂದ ದೂರ ಇಡಿ. ಪೊಟ್ಟಣವನ್ನು ಮಳೆಗಾಲ ಹಿಡಿಯುವ ಮುಂಚೆ ಬದಲಿಸಿ.