ಎರೆಮಣ್ಣಿನ ಸಿಟಿ ಸ್ಕ್ಯಾನ್‌ಗೆ ಸೂಕ್ಷ್ಮದರ್ಶಕದ ಚಿತ್ರ ಹೊಂದಿಸುವುದು ಹೇಗೆ?

ಮಣ್ಣಿನ ರಂಧ್ರಗಳು ಎಲ್ಲಿಂದ ಎಲ್ಲಿಗೆ ಹಾಯ್ದಿವೆ ಎಂಬುದನ್ನು ಮೈಕ್ರೊ ಸಿಟಿ ಸ್ಕ್ಯಾನ್ (ಸೂಕ್ಷ್ಮ ವಿವರ ಹಿಡಿಯುವ ಎಕ್ಸ್-ರೇ ಸ್ಕ್ಯಾನ್) ಮೂರು ಆಯಾಮದಲ್ಲಿ ತೋರಿಸುತ್ತದೆ. ರಂಧ್ರದ ಗೋಡೆಯಲ್ಲಿರುವುದು ಕಬ್ಬಿಣವೋ ಕ್ಯಾಲ್ಸಿಯಮ್ಮೋ ಎಂದು ತಿಳಿಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಆದರೆ ಅದಕ್ಕೆ ಕಾಣುವುದು ಕತ್ತರಿಸಿದ ಒಂದು ಮುಖ ಮಾತ್ರ. ಆ ಮುಖ ಸ್ಕ್ಯಾನ್‌ನೊಳಗೆ ಎಲ್ಲಿದೆ ಎಂದು ಪತ್ತೆ ಮಾಡಬೇಕು.

ಅರ್ಧ ಕೆಲಸ ಕಂಪ್ಯೂಟರ್ ಮುಟ್ಟುವ ಮೊದಲೇ ಆಗಬೇಕು. ರಾಯಚೂರು, ವಿಜಯಪುರದ ಕಡೆಯ ಎರೆಮಣ್ಣು ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹಸಿಯಿದ್ದಾಗ ಸ್ಕ್ಯಾನ್ ಮಾಡಿ ಒಣಗಿದ ಮೇಲೆ ಕತ್ತರಿಸಿದರೆ ಎರಡು ಚಿತ್ರಗಳೂ ಕೂಡುವುದೇ ಇಲ್ಲ. ಹಾಗಾಗಿ ಗಾಳಿಗೆ ಒಣಗಿಸಬೇಡಿ. ಅಸಿಟೋನ್ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತ ನೀರನ್ನು ಹೊರಹಾಕಿ, ನಿರ್ವಾತದಲ್ಲಿ ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟುದ್ರವ) ತುಂಬಿಸಿ. ಗಟ್ಟಿಯಾದ ಮೇಲೆ ಮಾದರಿಯ ಪಕ್ಕದಲ್ಲಿ ಮೇಲಿಂದ ಕೆಳಗಿನವರೆಗೆ ಎರಡು ಗೀರು ಹಾಕಿ, ಒಂದು ಆಳ, ಇನ್ನೊಂದು ತೆಳು. ಸ್ಕ್ಯಾನ್ ಆಮೇಲೆ. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಈ ಗೀರುಗಳೇ ಹೇಳುತ್ತವೆ; ತಂತ್ರಾಂಶ ತಾನಾಗಿ ಅದನ್ನು ಸರಿಪಡಿಸದು.

20 ಮಿ.ಮೀ. ಅಗಲದ ಮಾದರಿ ಡಿಟೆಕ್ಟರ್‌ನ 2000 ಪಿಕ್ಸೆಲ್‌ಗಳನ್ನು ತುಂಬಿದರೆ ಒಂದು ವೋಕ್ಸೆಲ್ (ಸ್ಕ್ಯಾನ್‌ನ ಮೂರು ಆಯಾಮದ ಪಿಕ್ಸೆಲ್) 10 ಮೈಕ್ರಾನ್, ಅಂದರೆ 0.01 ಮಿ.ಮೀ. ಸೂಕ್ಷ್ಮದರ್ಶಕದ ಪಿಕ್ಸೆಲ್ 1 ಮೈಕ್ರಾನ್ ಇದ್ದರೆ, ಅದರ ಚಿತ್ರದ ಪ್ರತಿ 10×10 ಪಿಕ್ಸೆಲ್‌ಗಳ ಸರಾಸರಿ ತೆಗೆದು ಒಂದು ಪಿಕ್ಸೆಲ್‌ಗೆ ಕುಗ್ಗಿಸಿ. ಎರಡೂ ಫೈಲ್‌ಗಳಲ್ಲಿ ಪಿಕ್ಸೆಲ್ ಅಳತೆ ಒಂದೇ ಮಾನದಲ್ಲಿರಲಿ.

ಹೆಚ್ಚಿನವರು ಎಡವುವುದು ಇಲ್ಲಿ: ಸ್ಕ್ಯಾನ್‌ನ ಪದರಗಳನ್ನು ಒಂದೊಂದಾಗಿ ಸರಿಸುತ್ತ ಸರಿಹೊಂದುವ ಪದರವನ್ನು ಹುಡುಕುತ್ತಾರೆ. ಅಂಥ ಪದರ ಇರುವುದೇ ಇಲ್ಲ. ಗರಗಸ 1 ಡಿಗ್ರಿ ಓರೆಯಾದರೂ 20 ಮಿ.ಮೀ. ಅಗಲದಲ್ಲಿ ಮುಖ 0.35 ಮಿ.ಮೀ. ಇಳಿಯುತ್ತದೆ, ಅಂದರೆ 35 ಪದರ! ಪಾಲಿಶ್ ಮಾಡುವಾಗ ಇನ್ನಷ್ಟು ಸವೆಯುತ್ತದೆ. ಹುಡುಕಬೇಕಾದ್ದು ಓರೆ ಸಮತಲವನ್ನು. ಎರಡೂ ಕಡೆ ಕಾಣುವ 8 ಬಿಂದುಗಳನ್ನು ಅಂಚಿನವರೆಗೆ ಹರಡಿದಂತೆ ಗುರುತಿಸಿ. ಮರಳಿನ ಹರಳು, ಸುಣ್ಣದ ಗಂಟು ಒಳ್ಳೆಯವು. ನೇರಕ್ಕೆ ಇಳಿದ ಬೇರಿನ ರಂಧ್ರವನ್ನು ಮಾತ್ರ ನೆಚ್ಚಬೇಡಿ. ಅದು ನೂರು ಪದರಗಳಲ್ಲೂ ಒಂದೇ ಜಾಗದಲ್ಲಿರುತ್ತದೆ, ಆಳ ತಿಳಿಸುವುದಿಲ್ಲ. 6 ಬಿಂದುಗಳಿಂದ ಆರಂಭದ ಸ್ಥಾನ ಲೆಕ್ಕ ಹಾಕಿ, 2 ಬಿಂದುಗಳನ್ನು ಪರೀಕ್ಷೆಗೆಂದು ಉಳಿಸಿಕೊಳ್ಳಿ.

ಮುಂದಿನದು ಚಿತ್ರಗಳನ್ನು ಹೊಂದಿಸುವ ಎಲಾಸ್ಟಿಕ್ಸ್‌ನಂಥ ಮುಕ್ತ ತಂತ್ರಾಂಶದ ಕೆಲಸ. ಎರಡು ಚಿತ್ರಗಳ ಹೊಳಪಿನ ಕಾರಣ ಬೇರೆಬೇರೆ. ಆದ್ದರಿಂದ ಹೋಲಿಕೆಗೆ ‘ಮ್ಯೂಚುಯಲ್ ಇನ್ಫರ್ಮೇಶನ್’ ಅಳತೆಯನ್ನೇ (ಒಂದು ಚಿತ್ರದ ಹೊಳಪಿನಿಂದ ಇನ್ನೊಂದರದನ್ನು ಎಷ್ಟು ಊಹಿಸಬಹುದು ಎಂಬ ಲೆಕ್ಕ) ಆರಿಸಿ. ಮೊದಲು ಸರಿಸುವುದು ಮತ್ತು ತಿರುಗಿಸುವುದು ಮಾತ್ರ, ಬಳಿಕ ಹಿಗ್ಗು-ಓರೆಗಳಿಗೂ ಅವಕಾಶ ಕೊಡಿ. ಚಿತ್ರವನ್ನು ಅಲ್ಲಲ್ಲಿ ಬೇರೆಬೇರೆಯಾಗಿ ಬಾಗಿಸುವ ಬಿ-ಸ್ಪ್ಲೈನ್ ವಿಧಾನ ಅನಿವಾರ್ಯವಾದರೆ ಮಾತ್ರ. ಸಡಿಲ ಬಿಟ್ಟರೆ ಸಂಬಂಧವಿಲ್ಲದ ಬಿರುಕುಗಳನ್ನೂ ಎಳೆದು ಕೂಡಿಸುತ್ತದೆ.

ಪರೀಕ್ಷೆಗೆ ಉಳಿಸಿದ ಪ್ರತಿ ಬಿಂದುವೂ ಎರಡು ಚಿತ್ರಗಳಲ್ಲಿ ಬೀಳುವ ಜಾಗಗಳ ಅಂತರ 20 ಮೈಕ್ರಾನ್ ಒಳಗಿದ್ದರೆ ಸಾಕು. ವ್ಯತ್ಯಾಸ ಒಂದೇ ಬದಿಯಲ್ಲಿದ್ದರೆ ಓರೆ ಇನ್ನೂ ಸರಿಯಾಗಿಲ್ಲ. ನಡುವಿನಿಂದ ಸುತ್ತಲೂ ಸಮನಾಗಿ ಹೆಚ್ಚುತ್ತಿದ್ದರೆ ಪಿಕ್ಸೆಲ್ ಅಳತೆ ತಪ್ಪಿದೆ.