ಸುಡಾನ್‌ಗಾಗಿ ಮೈಸೂರಿನಲ್ಲಿ ನಾವು ಮಾಡಿದ ಕೆಲಸ: ನನ್ನ ಅನುಭವ

ಸುಡಾನ್ ದೇಶಕ್ಕೂ ನಮ್ಮ ಮೈಸೂರು ಜಿಲ್ಲೆಗೂ ನಂಟು ಬೆಳೆಸಿದ್ದು ತಲೆಗೂದಲಿನ ಎಣ್ಣೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ ಎಣ್ಣೆಯ ವ್ಯಾಪಾರಕ್ಕಾಗಿ ಆಫ್ರಿಕಾದ ಹಲವು ದೇಶಗಳನ್ನು ಸುತ್ತುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನ್ ರಾಜಧಾನಿ ಖಾರ್ಟೂಮ್‌ನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಹಲವರು ಡಾರ್ಫರ್ ಪ್ರಾಂತದ ಅಲ್ ಫಾಶಿರ್ ನಗರದಲ್ಲಿ ಸಿಕ್ಕಿಬಿದ್ದಿದ್ದರು. ಭಾರತೀಯರನ್ನು ಕರೆತರಲು ಸರ್ಕಾರ ನಡೆಸಿದ ಕಾರ್ಯಾಚರಣೆಗೆ ಇಟ್ಟ ಹೆಸರು ‘ಆಪರೇಷನ್ ಕಾವೇರಿ’. 3,800ಕ್ಕೂ ಹೆಚ್ಚು ಜನ, ಹೆಚ್ಚಿನವರು ಪೋರ್ಟ್ ಸುಡಾನ್ ಬಂದರಿನಿಂದ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ, ಜೀವಸಹಿತ ಮರಳಿದರು.

ನಮ್ಮವರು ಬಂದಿಳಿದ ಮೇಲೆ ಸುಡಾನ್ ಸುದ್ದಿ ಪತ್ರಿಕೆಗಳಿಂದ ಹೆಚ್ಚುಕಡಿಮೆ ಮರೆಯಾಯಿತು. ಆದರೆ ಮೈಸೂರಿನಲ್ಲಿ ಓದುತ್ತಿದ್ದ ಸುಡಾನಿನ ಹುಡುಗ ಹುಡುಗಿಯರ ಕಷ್ಟ ಆಗಷ್ಟೇ ಆರಂಭವಾಗಿತ್ತು. ನಾನು ಆಗ ಪದವಿಯ ಎರಡನೇ ವರ್ಷದಲ್ಲಿದ್ದೆ. ಖಾರ್ಟೂಮ್ ಪಕ್ಕದ ಒಮ್ದುರ್ಮಾನ್ ನಗರದಿಂದ ಬಂದ ಹುಡುಗಿಯೊಬ್ಬಳು ನನ್ನದೇ ತರಗತಿಯಲ್ಲಿ, ಒಂದು ಬೆಂಚು ಮುಂದೆ ಕೂರುತ್ತಿದ್ದಳು. ನಾವು ಕೆಲವು ವಿದ್ಯಾರ್ಥಿಗಳು ಆಮೇಲೆ ಮಾಡಿದ ಎಲ್ಲ ಕೆಲಸಕ್ಕೂ ಮೂಲ ಅವಳು ಮತ್ತು ಅವಳ ಗೆಳೆಯರು. ದೂರದ ದೇಶಕ್ಕೆ ನೆರವಾಗಬೇಕೆನ್ನುವವರು ಮೊದಲು ತಮ್ಮ ಊರಿನಲ್ಲೇ ಇರುವ ಆ ದೇಶದವರ ಜೊತೆ ಕೂತು ಮಾತನಾಡಬೇಕು, ಅವರು ಬೇಕೆಂದದ್ದನ್ನು ಮಾಡಬೇಕು. ಇದು ನನ್ನ ದೃಢ ನಂಬಿಕೆ, ಇದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಬೋಗಾದಿಯ ಬಾಡಿಗೆ ಮನೆಯೊಂದರಲ್ಲಿ ನಾವು ಅವರೊಂದಿಗೆ ಮೊದಲ ಸಲ ಕೂತಾಗ ಯಾರೂ ಯುದ್ಧದ ಮಾತೆತ್ತಲಿಲ್ಲ. ಮಾತು ಬಂದದ್ದು ಬಾಡಿಗೆ, ಪರೀಕ್ಷಾ ಶುಲ್ಕ, ವೀಸಾ, ಪಾಸ್‌ಪೋರ್ಟ್ ಬಗ್ಗೆ. ಖಾರ್ಟೂಮ್‌ನ ಬ್ಯಾಂಕುಗಳು ಮುಚ್ಚಿದ್ದವು. ತಿಂಗಳಿಗೊಮ್ಮೆ ಹಣ ಕಳುಹಿಸುತ್ತಿದ್ದ ಅಪ್ಪಂದಿರು ಈಜಿಪ್ಟ್ ಗಡಿಯ ಕಡೆಗೋ ಚಾಡ್ ಕಡೆಗೋ ನಡೆದು ಹೊರಟಿದ್ದರು. ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಇಲ್ಲಿ ದುಡಿಯುವಂತಿಲ್ಲ. ಶುಲ್ಕ ಕಟ್ಟದಿದ್ದರೆ ಇಲ್ಲಿ ಓದುತ್ತಿದ್ದಾರೆ ಎಂದು ಕಾಲೇಜು ಕೊಡುವ ಬೊನಫೈಡ್ ಪತ್ರ ಸಿಗುವುದಿಲ್ಲ. ಆ ಪತ್ರವಿಲ್ಲದೆ ವೀಸಾ ವಿಸ್ತರಣೆಗೆ ಆನ್‌ಲೈನ್ ಅರ್ಜಿ ಮುಂದೆ ಸಾಗುವುದಿಲ್ಲ. ವೀಸಾ ಮುಗಿದರೆ ಹೋಗಲು ಅವರಿಗೆ ಊರೇ ಇಲ್ಲ. ಒಂದು ಶುಲ್ಕದ ರಸೀದಿಯ ಮೇಲೆ ಒಬ್ಬ ಮನುಷ್ಯನ ಇಡೀ ಬದುಕು ನಿಂತಿರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಹಾಗಾಗಿ ನಮ್ಮ ಮೊದಲ ಕೆಲಸ ಮೆರವಣಿಗೆ ಆಗಿರಲಿಲ್ಲ, ಅರ್ಜಿ ಬರೆಯುವುದಾಗಿತ್ತು. ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ, ಬಾಕಿ ಇದ್ದರೂ ಬೊನಫೈಡ್ ಪತ್ರ ತಡೆಯಬೇಡಿ ಎಂಬ ಎರಡೇ ಬೇಡಿಕೆಗಳು. ಪ್ರತಿ ಅರ್ಜಿಯ ಜೊತೆ ವಿದ್ಯಾರ್ಥಿಯ ಹಾಜರಾತಿ, ಅಂಕಪಟ್ಟಿ, ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿದೆವು. ಬಾಯಿಮಾತಿನ ಕರುಣೆಗಿಂತ ಅಚ್ಚುಕಟ್ಟಾದ ಕಡತಕ್ಕೆ ಕಚೇರಿಗಳಲ್ಲಿ ಬೆಲೆ ಹೆಚ್ಚು. ಕೆಲವು ಕಡೆ ಗುಮಾಸ್ತರೇ ಮುತುವರ್ಜಿ ವಹಿಸಿ ದಾರಿ ತೋರಿಸಿದರು. ಒಂದು ಕಚೇರಿಯಲ್ಲಿ ಮಾತ್ರ ಕಡತ ಮೇಜಿನಿಂದ ಮೇಜಿಗೆ ಅಲೆದು, ಒಬ್ಬ ಹುಡುಗನ ಸೆಮಿಸ್ಟರ್ ಹಾಳಾಗುವವರೆಗೂ ಸಹಿ ಬೀಳಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಣದ ವಿಷಯ ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಗುಂಪುಗಳು ಎಡವುವುದೇ ಇಲ್ಲಿ. ಹಳೆಯ ಬಟ್ಟೆ, ಹೊದಿಕೆ ಕೂಡಿಸಿ ಕಳುಹಿಸೋಣ ಎಂದು ಹಲವರು ಮುಂದೆ ಬಂದರು. ಮೈಸೂರಿನಿಂದ ಡಾರ್ಫರ್‌ಗೆ ಒಂದು ಮೂಟೆ ಬಟ್ಟೆ ತಲುಪಿಸುವ ಖರ್ಚಿನಲ್ಲಿ ಅಲ್ಲಿಯ ಸಂತೆಯಲ್ಲೇ ಎಷ್ಟೋ ಮೂಟೆ ಜೋಳ ಕೊಳ್ಳಬಹುದು ಎಂದು ಸುಡಾನಿನ ಗೆಳೆಯರೇ ತಿಳಿಸಿ ಹೇಳಿದರು. ದುಬೈನಲ್ಲಿರುವ ಪರಿಚಯದವರ ಕೈಗೆ ನಗದು ಮುಟ್ಟಿಸಿದರೆ ಅವರು ಮುಂದಕ್ಕೆ ಕಳುಹಿಸುತ್ತಾರೆ ಎಂದವರೂ ಇದ್ದರು. ಅದು ಹವಾಲಾ, ಕಾನೂನುಬಾಹಿರ. ಒಪ್ಪಲೇ ಇಲ್ಲ. ವಿದೇಶದಿಂದ ಬರುವ ದೇಣಿಗೆಗೆ ಎಫ್‌ಸಿಆರ್‌ಎ ಎಂಬ ಕಾಯ್ದೆ ಇರುವಂತೆ ಇಲ್ಲಿಂದ ಹೊರಗೆ ಹೋಗುವ ಹಣಕ್ಕೆ ಫೆಮಾ ಕಾಯ್ದೆ ಇದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ವ್ಯಕ್ತಿಯೊಬ್ಬರು ತಮ್ಮ ಹೆಸರಿನಲ್ಲಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು, ದಾನವೂ ಅದರಲ್ಲಿ ಸೇರುತ್ತದೆ. ಆದರೆ ನೋಂದಣಿಯಿಲ್ಲದ ವಿದ್ಯಾರ್ಥಿ ಗುಂಪು ಡಬ್ಬಿ ಹಿಡಿದು ಕೂಡಿಸಿದ ಹಣಕ್ಕೆ ಲೆಕ್ಕ ಕೇಳಿದರೆ ಉತ್ತರ ಕೊಡುವುದು ಕಷ್ಟ. ಅದರಲ್ಲೂ ಸುಡಾನ್ ಎಂಬ ಹೆಸರು ಕಂಡರೆ ಬ್ಯಾಂಕಿನವರು ನೂರೆಂಟು ಪ್ರಶ್ನೆ ಹಾಕುತ್ತಾರೆ.

ಆದ್ದರಿಂದ ಹೊರದೇಶಕ್ಕಾಗಿ ನಾವು ಒಂದು ರೂಪಾಯಿಯನ್ನೂ ನಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಕೊಡುವವರು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಂಥ ಕಡೆಗೆ ತಾವೇ ನೇರವಾಗಿ ಕಟ್ಟಿ, ರಸೀದಿಯನ್ನು ತಾವೇ ಇಟ್ಟುಕೊಂಡರು. ನಮ್ಮ ಪಾಲಿನದು ಯಾಕೆ ಕೊಡಬೇಕು, ಎಲ್ಲಿ ಕೊಡಬೇಕು ಎಂದು ತರಗತಿ ತರಗತಿಗೆ ಹೋಗಿ ಹೇಳುವ ಕೆಲಸ. ಇಲ್ಲಿರುವ ವಿದ್ಯಾರ್ಥಿಗಳಿಗಾಗಿ ಮಾತ್ರ ಪ್ರಾಂಶುಪಾಲರ ಒಪ್ಪಿಗೆ ಪಡೆದು, ಕಾಲೇಜಿನ ವಿದ್ಯಾರ್ಥಿ ಕ್ಷೇಮನಿಧಿಯ ಖಾತೆಗೆ ಹಣ ಹಾಕಿಸಿದೆವು. ಅಲ್ಲಿಂದ ಅದು ಶುಲ್ಕಕ್ಕೇ ಜಮೆಯಾಗುತ್ತಿತ್ತು. ಯಾವ ವಿದ್ಯಾರ್ಥಿಯೂ ಯಾರ ಮುಂದೆಯೂ ಕೈಚಾಚುವ ಸ್ಥಿತಿ ಬರಬಾರದು ಎಂಬುದಕ್ಕೆ ನಾವು ಹಟ ಹಿಡಿದೆವು. ನೆರವು ಪಡೆದವರ ಹೆಸರುಗಳನ್ನು ಎಲ್ಲೂ ಪ್ರಕಟಿಸಲಿಲ್ಲ.

“ನಮ್ಮಲ್ಲೇ ಬಡವರಿಲ್ಲವೇ, ಸುಡಾನ್ ಯಾಕೆ?” ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಎದ್ದಿತು. ಕೇಳಬೇಕಾದ ಪ್ರಶ್ನೆಯೇ. ಇಲ್ಲಿಯ ಬಡವರಿಗೆ ಮಾಡುತ್ತಿರುವುದನ್ನು ಯಾರೂ ನಿಲ್ಲಿಸಬೇಕಿಲ್ಲ ಎನ್ನುತ್ತಿದ್ದೆ. ಆಮೇಲೆ ಒಂದು ಹಳೆಯ ಋಣದ ಕಥೆ ಹೇಳುತ್ತಿದ್ದೆ. ಪುಣೆ ಬಳಿಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡದ ಹೆಸರು ‘ಸುಡಾನ್ ಬ್ಲಾಕ್’. ಎರಡನೇ ಮಹಾಯುದ್ಧದಲ್ಲಿ ಸುಡಾನನ್ನು ಕಾಯಲು ಹೋರಾಡಿ ಮಡಿದ ಭಾರತೀಯ ಸೈನಿಕರ ನೆನಪಿಗೆ ಸುಡಾನ್ ಒಂದು ಲಕ್ಷ ಪೌಂಡ್ ಕೊಟ್ಟಿತ್ತು. 1953ರಲ್ಲಿ ಆ ದೇಶದ ಮೊದಲ ಸಂಸತ್ ಚುನಾವಣೆಯ ಉಸ್ತುವಾರಿ ವಹಿಸಿದವರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಕೊಟ್ಟು ತೆಗೆದುಕೊಂಡ ಸಂಬಂಧ ನಮ್ಮದು ಎಂದಾಗ ತರಗತಿಯ ಮುಖಚರ್ಯೆಯೇ ಬದಲಾಗುತ್ತಿತ್ತು.

ಸುಡಾನಿನ ಒಳಗೆ ನೆರವಿನ ಕೆಲಸ ಮಾಡುತ್ತಿರುವವರು ಯಾರು ಎಂಬುದು ತಿಳಿದಾಗ ನನ್ನ ಮನಸ್ಸು ನಿಜಕ್ಕೂ ಅರಳಿತು. ಸುಡಾನಿನ ಹಳ್ಳಿಗಳಲ್ಲಿ ‘ನಫೀರ್’ ಎಂಬ ಪದ್ಧತಿ ಇದೆ. ಕೊಯ್ಲಿಗೋ ಮನೆ ಕಟ್ಟುವುದಕ್ಕೋ ಕರೆ ಹೋದರೆ ಊರೆಲ್ಲ ಬಂದು ಕೈಜೋಡಿಸುತ್ತದೆ. 2019ರಲ್ಲಿ ಒಮರ್ ಅಲ್ ಬಶೀರ್ ಸರ್ವಾಧಿಕಾರದ ವಿರುದ್ಧ ಬೀದಿಗಿಳಿದ ಯುವಜನರು ಯುದ್ಧ ಬಂದಾಗ ಅದೇ ಬಗೆಯಲ್ಲಿ ಕೇರಿ ಕೇರಿಗಳಲ್ಲಿ ‘ತುರ್ತು ಸ್ಪಂದನಾ ಕೊಠಡಿ’ಗಳನ್ನು ಕಟ್ಟಿದರು. ಗುಂಡಿನ ನಡುವೆಯೇ ಸಾಮೂಹಿಕ ಅಡುಗೆಮನೆ, ಗಾಯಾಳುಗಳ ಸಾಗಣೆ, ನೀರು. ಇವರಲ್ಲಿ ಬಹಳ ಮಂದಿ ನಮ್ಮದೇ ವಯಸ್ಸಿನವರು, ತರಗತಿ ಮುಚ್ಚಿಹೋದ ವಿದ್ಯಾರ್ಥಿಗಳು. ಅವರು ಬಡಿಸುವುದು ಹೆಚ್ಚಾಗಿ ಬೇಳೆ, ಅವರೆಯ ಜಾತಿಯ ಕಾಳು, ಜೋಳದ ಹಿಟ್ಟಿನ ಅಸೀದಾ. ಅಸೀದಾ ನಮ್ಮ ಮುದ್ದೆಯ ಹಾಗೆಯೇ, ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತಿರುವಿ ಗಟ್ಟಿ ಮಾಡಿದ್ದು. ಗೆಳತಿ ನಮ್ಮ ಮನೆಯಲ್ಲಿ ಮಾಡಿದಾಗ ಮಂಡ್ಯದ ನನ್ನ ಅಜ್ಜಿ ಮರುಮಾತಿಲ್ಲದೆ ಸಾರು ಬಡಿಸಿ ಕೂರಿಸಿದರು. 2025ರ ಆರಂಭದಲ್ಲಿ ಅಮೆರಿಕದ ನೆರವು ನಿಂತಾಗ ಇಂಥ ನೂರಾರು ಅಡುಗೆಮನೆಗಳು ಮುಚ್ಚಿದವು. ಅದೇ ವರ್ಷ ಈ ಸ್ವಯಂಸೇವಕರಿಗೆ ನಾರ್ವೆಯ ರಾಫ್ಟೋ ಪ್ರಶಸ್ತಿ, ಸ್ವೀಡನ್‌ನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದವು. ಪ್ರಶಸ್ತಿಗಿಂತ ಒಲೆಗೆ ಸೌದೆ ಬೇಕಿತ್ತು ಎಂದು ಗೆಳತಿ ಹೇಳಿದಳು, ನಾನು ಅದನ್ನು ಹೋದಲ್ಲೆಲ್ಲ ಹೇಳುತ್ತಿದ್ದೇನೆ.

2024ರ ಫೆಬ್ರುವರಿಯಲ್ಲಿ ಸುಡಾನಿನ ಬಹುಭಾಗದಲ್ಲಿ ಮೊಬೈಲ್, ಇಂಟರ್‌ನೆಟ್ ಎರಡೂ ಸತ್ತುಹೋದವು. ಗೆಳತಿ ತರಗತಿಯಲ್ಲಿ ಮೊಬೈಲನ್ನು ಪುಸ್ತಕದ ಕೆಳಗೆ ಇಟ್ಟುಕೊಂಡೇ ಇರುತ್ತಿದ್ದಳು. ಉಪನ್ಯಾಸಕರು ಕಂಡೂ ಕಾಣದಂತೆ ಇರುತ್ತಿದ್ದರು. ಕೊನೆಗೆ ಅವಳ ಅಮ್ಮ ಯಾವುದೋ ಅಂಗಡಿಯ ಉಪಗ್ರಹ ಇಂಟರ್‌ನೆಟ್‌ಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು, ಅಷ್ಟು ದಿನ ಧ್ವನಿಮುದ್ರಿಸಿ ಇಟ್ಟಿದ್ದನ್ನೆಲ್ಲ ಒಟ್ಟಿಗೆ ಕಳುಹಿಸಿದರು. ಕ್ಯಾಂಟೀನಿನ ಮೂಲೆಯಲ್ಲಿ ಅವಳು ಒಂದೊಂದನ್ನೇ ದಿನಾಂಕದ ಸಾಲಿನಲ್ಲಿ ಕೇಳಿದಳು. ಮುಂದೆ ಹಾರಿಸಿ ಕೊನೆಯದನ್ನು ಮೊದಲು ಕೇಳು ಎಂದೆ. ಬೇಡ, ಅಮ್ಮ ಹೇಳಿದ ಕ್ರಮದಲ್ಲೇ ಕೇಳುತ್ತೇನೆ ಎಂದಳು. ಬೇಳೆಯ ಬೆಲೆ, ಚಿಕ್ಕಮ್ಮ ಹೋದ ಊರು, ಬಿದ್ದ ಗೋಡೆ, ಪಕ್ಕದ ಮನೆಯ ಬೆಕ್ಕು. ಅವಳು ಅರಬ್ಬಿಯಿಂದ ಅನುವಾದಿಸಿ ಹೇಳುತ್ತಾ ಹೋದಳು, ನಾವು ಕೇಳುತ್ತಾ ಕೂತೆವು.

ಶಾಂತಿಯ ಕೆಲಸ ನೆರವಿನ ಕೆಲಸಕ್ಕಿಂತ ಕಠಿಣ. ಮೈಸೂರಿನಲ್ಲಿದ್ದ ಸುಡಾನಿಗಳಲ್ಲೇ ನೈಲ್ ದಡದವರು, ಡಾರ್ಫರ್‌ನವರು ಇದ್ದರು. ಒಬ್ಬನ ಊರಿಗೆ ಸೇನೆಯ ವಿಮಾನ ಬಾಂಬ್ ಹಾಕಿತ್ತು, ಇನ್ನೊಬ್ಬನ ಮನೆಯನ್ನು ಆರ್‌ಎಸ್‌ಎಫ್ ದೋಚಿತ್ತು. ಒಂದೇ ಕೋಣೆಯಲ್ಲಿ ಊಟ ಮಾಡುತ್ತಿದ್ದ ಅವರು ಯುದ್ಧದ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಸೆಪ್ಟೆಂಬರ್ 21ರ ಅಂತರರಾಷ್ಟ್ರೀಯ ಶಾಂತಿ ದಿನದಂದು ಕಾಲೇಜಿನ ಅಂಗಳದಲ್ಲಿ ಸಭೆ ಮಾಡುವ ಮುನ್ನ ಎಲ್ಲರೂ ಕೂತು ಕೆಲವು ಕಟ್ಟುಪಾಡು ಹಾಕಿಕೊಂಡೆವು. ಯಾವ ಸೇನಾಧಿಪತಿಯ ಚಿತ್ರವೂ ಇರಕೂಡದು. ಹೆಣಗಳ ಫೋಟೊ, ಮೂಲ ಗೊತ್ತಿಲ್ಲದ ವಿಡಿಯೊ ಹಂಚಕೂಡದು. ಆದರೆ ಆದ ಅನ್ಯಾಯವನ್ನು ಮುಚ್ಚಿಡಲೂ ಕೂಡದು. ವಿಶ್ವಸಂಸ್ಥೆಯ ಸತ್ಯಶೋಧನಾ ಮಂಡಳಿಯೇ 2024ರಲ್ಲಿ ಎರಡೂ ಪಕ್ಷಗಳ ಕೃತ್ಯಗಳು ಯುದ್ಧಾಪರಾಧವಾಗಬಹುದು ಎಂದಿದೆ. 2023ರಲ್ಲಿ ಡಾರ್ಫರ್‌ನ ಅಲ್ ಜಿನೈನಾ ನಗರದಲ್ಲಿ ಆರ್‌ಎಸ್‌ಎಫ್ ಕಡೆಯವರು ನಡೆಸಿದ ಮಸಾಲಿತ್ ಬುಡಕಟ್ಟಿನ ಜನರ ಹತ್ಯಾಕಾಂಡವನ್ನೂ, ಸೇನೆಯ ಬಾಂಬ್ ದಾಳಿಗಳನ್ನೂ ಹೆಸರಿಟ್ಟು ಹೇಳಿದೆವು. ಪಕ್ಷ ವಹಿಸದಿರುವುದಕ್ಕೂ ಸುಮ್ಮನಿರುವುದಕ್ಕೂ ಬಹಳ ಅಂತರವಿದೆ ಎಂಬುದನ್ನು ಡಾರ್ಫರ್‌ನ ಹುಡುಗನೇ ವೇದಿಕೆಯಲ್ಲಿ ಹೇಳಿದ. ಅವನ ಮಾತು ಮುಗಿದ ಮೇಲೆ ಖಾರ್ಟೂಮ್‌ನ ಹುಡುಗ ಎದ್ದು ಅದೇ ಮೈಕಿನಲ್ಲಿ ಮಾತನಾಡಿದ. ಆ ದಿನ ಯಾರೂ ಎದ್ದು ಹೋಗಲಿಲ್ಲ.

ಆ ಸಭೆಯಿಂದ ಹೊರಟ ಪತ್ರ ನಮ್ಮ ಸಂಸದರಿಗೂ ವಿದೇಶಾಂಗ ಸಚಿವಾಲಯಕ್ಕೂ ಹೋಯಿತು. ಅದರಲ್ಲಿ ಮುಖ್ಯವಾದದ್ದು ಶಸ್ತ್ರಾಸ್ತ್ರದ ಮಾತು. ಭದ್ರತಾ ಮಂಡಳಿಯ ಶಸ್ತ್ರಾಸ್ತ್ರ ನಿರ್ಬಂಧ 2004ರಿಂದ ಡಾರ್ಫರ್‌ಗೆ ಮಾತ್ರ ಇದೆ, ಅದನ್ನು ಇಡೀ ಸುಡಾನ್‌ಗೆ ವಿಸ್ತರಿಸುವಂತೆ ಭಾರತ ದನಿಯೆತ್ತಬೇಕು ಎಂದು ಕೋರಿದೆವು. ಯುದ್ಧ ಮುಗಿಯುವವರೆಗೆ ಇಲ್ಲಿರುವ ಸುಡಾನಿ ವಿದ್ಯಾರ್ಥಿಗಳ ವೀಸಾ ನಿಯಮ ಸಡಿಲಿಸಿ ಎಂಬುದು ಎರಡನೆಯದು. ಪತ್ರ ತಲುಪಿದೆ ಎಂಬ ಮಾರುತ್ತರ ಬಂತು. ಈಗಲೂ ಪ್ರತಿ ಸೆಮಿಸ್ಟರ್ ಬರೆಯುತ್ತೇವೆ, ಹೊಸ ವಿದ್ಯಾರ್ಥಿಗಳ ಸಹಿಯೊಂದಿಗೆ.

2025ರ ಅಕ್ಟೋಬರ್ 26ರಂದು, ಸುಮಾರು ಒಂದೂವರೆ ವರ್ಷದ ಮುತ್ತಿಗೆಯ ನಂತರ, ಅಲ್ ಫಾಶಿರ್ ಆರ್‌ಎಸ್‌ಎಫ್ ವಶವಾಯಿತು. ಮುತ್ತಿಗೆಯ ಕಾಲದಲ್ಲಿ ಅಲ್ಲಿಯ ಜನ ‘ಅಂಬಾಜ್’ ತಿಂದು ಜೀವ ಹಿಡಿದಿದ್ದರು. ಅಂಬಾಜ್ ಎಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿ, ನಾವು ದನಗಳಿಗೆ ಹಾಕುವುದು. ನಗರ ಬೀಳುವುದಕ್ಕೆ ಬಹಳ ಮುಂಚೆ, 2024ರ ಆಗಸ್ಟ್‌ನಲ್ಲೇ, ಅದರ ಪಕ್ಕದ ಜಮ್‌ಜಮ್ ಎಂಬ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಇದೆ ಎಂದು ತಜ್ಞರ ಸಮಿತಿ ದೃಢಪಡಿಸಿತ್ತು. ನಗರ ಬಿದ್ದ ಸುದ್ದಿ ಬಂದ ಮೇಲೆ ನಾವು ಕೆಲವರು ಪಕ್ಷಿರಾಜಪುರಕ್ಕೆ ಹೋದೆವು. ಅಲ್ ಫಾಶಿರ್‌ನಲ್ಲಿ ವ್ಯಾಪಾರ ಮಾಡಿದ್ದ ಹಿರಿಯರೊಬ್ಬರು ಜಗಲಿಯ ಮೇಲೆ ಕಡ್ಡಿಯಿಂದ ಗೆರೆ ಎಳೆದು ಸಂತೆ ಬೀದಿ, ತಾವಿದ್ದ ಕೋಣೆ, ಮಸೀದಿ ತೋರಿಸಿದರು. ಗುಂಡು ಹಾರುತ್ತಿದ್ದ ದಿನಗಳಲ್ಲಿ ಎದುರು ಮನೆಯವರು ಗೋಡೆಯ ಮೇಲಿಂದ ನೀರಿನ ಕ್ಯಾನ್ ಇಳಿಸುತ್ತಿದ್ದರಂತೆ. “ನಮ್ಮನ್ನು ಕರೆದುಕೊಂಡು ಬಂದರು, ಅವರನ್ನು ಯಾರು ಕರೆದುಕೊಂಡು ಹೋಗುತ್ತಾರೆ?” ಎಂದು ಕೇಳಿದರು. ಆ ಕೇರಿಯ ಮನೆಗಳಿಂದಲೂ ನಮ್ಮ ಕ್ಷೇಮನಿಧಿಗೆ ಹಣ ಬಂತು, ಯಾರೂ ಕೇಳದೆಯೇ.

ಈಗ ಮಂಡ್ಯದ ಕಾಲೇಜೊಂದರ ವಿದ್ಯಾರ್ಥಿಗಳು ಇಂಥದ್ದೇ ಕೆಲಸ ಮಾಡಲು ಮುಂದೆ ಬಂದಿದ್ದಾರೆ. ಅವರಿಗೆ ನಮ್ಮ ಅರ್ಜಿಗಳ ಮಾದರಿ, ಕ್ಷೇಮನಿಧಿಯ ಲೆಕ್ಕಪುಸ್ತಕದ ನಮೂನೆ, ಸಭೆಯ ಕಟ್ಟುಪಾಡುಗಳ ಹಾಳೆ ಕೊಟ್ಟಿದ್ದೇವೆ. ಗೆಳತಿ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ, ಹೊಸಬರಿಗೆ ವೀಸಾ ಅರ್ಜಿ ತುಂಬಿಸುವ ಹೊಣೆ ಅವಳದೇ. ಈ ಸೆಮಿಸ್ಟರ್‌ನ ಪರೀಕ್ಷಾ ಶುಲ್ಕಕ್ಕೆ ಇನ್ನೂ ಕೆಲವರ ಬಾಕಿ ಇದೆ. ಕಡತಗಳನ್ನು ಸಿದ್ಧಪಡಿಸಿದ್ದೇವೆ, ಸೋಮವಾರ ಪ್ರಾಂಶುಪಾಲರನ್ನು ಕಾಣುತ್ತೇವೆ.