ಸಂಜೆಯ ದುಡ್ಡು: ಗುಜರಿ ಆಯುವವರ ಜೊತೆ ಉದ್ಯಮ ಕಟ್ಟಿದ ನನ್ನ ಅನುಭವ

ಬಡವರಲ್ಲಿ ಉದ್ಯಮಶೀಲತೆ ಬೆಳೆಸಬೇಕು ಎಂಬ ಮಾತು ಸಭೆಗಳಲ್ಲಿ ಕೇಳಿಬಂದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. ನಾನು ಕೆಲಸ ಮಾಡುವುದು ಚಿಂದಿ, ಗುಜರಿ ಆಯುವವರ ಜೊತೆ. ನಸುಕಿನಲ್ಲೇ ಎದ್ದು, ಯಾವ ಬೀದಿಯಲ್ಲಿ ಯಾವ ದಿನ ಏನು ಸಿಗುತ್ತದೆ ಎಂದು ಲೆಕ್ಕ ಹಾಕಿ, ಸಿಕ್ಕಿದ್ದನ್ನು ವಿಂಗಡಿಸಿ, ಚೌಕಾಶಿ ಮಾಡಿ, ಸಂಜೆಯೊಳಗೆ ಮಾರಿ ಮನೆ ನಡೆಸುವವರಿಗೆ ವ್ಯಾಪಾರ ಅಂದರೇನು ಎಂದು ಪಾಠ ಹೇಳುವುದಕ್ಕೆ ಯಾವ ಮುಖ ಇದೆ ನಮಗೆ? ಅವರಿಗೆ ಕೊರತೆ ಇರುವುದು ಒಂದೇ: ಮಾಲು ಕೊಟ್ಟ ದಿನಕ್ಕೂ ದುಡ್ಡು ಕೈಸೇರುವ ದಿನಕ್ಕೂ ನಡುವಿನ ಅಂತರವನ್ನು ತಾಳಿಕೊಳ್ಳುವ ತಾಕತ್ತು. ನಾವು ಕಟ್ಟಿದ ಸಂಘ ಮಾಡಿದ್ದು ಹೆಚ್ಚುಕಡಿಮೆ ಆ ಅಂತರ ತುಂಬುವ ಕೆಲಸ.

ಶುರುವಿನಲ್ಲಿ ತರಬೇತಿ, ಶಿಬಿರ ಅಂತ ಏನೂ ಮಾಡಲಿಲ್ಲ. ಗುಜರಿ ಅಂಗಡಿಯ ಮುಂದೆ ಕೂತು ನೋಡಿದೆ. ಯಾರು ಏನು ತಂದರು, ಅಂಗಡಿಯವನು ಎಷ್ಟು ಕಳೆದ, ಎಷ್ಟು ಕೊಟ್ಟ, ಹಳೇ ಬಾಕಿಗೆ ಎಷ್ಟು ಮುರಿದುಕೊಂಡ, ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯುತ್ತ ಹೋದೆ. ಮಧ್ಯವರ್ತಿ ಅಂದರೆ ರಕ್ತ ಹೀರುವವನು ಎಂಬ ನನ್ನ ಪುಸ್ತಕದ ತಿಳಿವಳಿಕೆ ಅಲ್ಲಿ ನಿಲ್ಲಲಿಲ್ಲ. ತೂಕದಲ್ಲಿ ಅವನು ಹೊಡೆಯುತ್ತಿದ್ದ, ಅದು ನಿಜ. ಆದರೆ ಮಿಶ್ರ ಮಾಲನ್ನು ಹಾಗೇ ಕೊಳ್ಳುತ್ತಿದ್ದ, ಪ್ರತಿ ಸಂಜೆ ನಗದು ಎಣಿಸುತ್ತಿದ್ದ, ಮನೆಯಲ್ಲಿ ಮಗುವಿಗೆ ಜ್ವರ ಅಂದರೆ ರಾತ್ರಿ ಹೊತ್ತಿನಲ್ಲೂ ಕೈಗಡ ಕೊಡುತ್ತಿದ್ದ. ಬ್ಯಾಂಕು, ವಿಮೆ, ಸಾಗಣೆ, ಮೂರೂ ಅವನೇ. ಅವನನ್ನು ಬದಿಗೆ ಸರಿಸಬೇಕಾದರೆ ಆ ಮೂರೂ ಕೆಲಸವನ್ನು ಬೇರೆ ಯಾರಾದರೂ ಹೊರಬೇಕು. ನನ್ನ ಕಣ್ಣೆದುರು ಮುಚ್ಚಿಹೋದ ಎಷ್ಟೋ ಒಳ್ಳೆಯ ಮನಸ್ಸಿನ ಯೋಜನೆಗಳು ಮೂರರಲ್ಲಿ ಒಂದನ್ನು ಮಾತ್ರ ಹೊತ್ತಿದ್ದವು.

ಇದು ಹೊಸ ಕಂಡುಹಿಡಿತವೇನಲ್ಲ. ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ 42 ಜನರಿಗೆ ಒಟ್ಟು 27 ಡಾಲರ್ ಕೊಟ್ಟದ್ದು ಇಂಥದ್ದೇ ಗಂಟು ಬಿಚ್ಚುವುದಕ್ಕೆ. ಬಿದಿರಿನ ಮುಕ್ಕಾಲಿ ಹೆಣೆಯುವ ಹೆಂಗಸು ಬಿದಿರಿಗೆ ಸಾಲ ಪಡೆದದ್ದು ವ್ಯಾಪಾರಿಯಿಂದ, ಹೆಣೆದದ್ದನ್ನು ಮಾರಬೇಕಾದದ್ದೂ ಅವನಿಗೇ, ಅವನು ಹೇಳಿದ ದರಕ್ಕೇ. ಮುಂದೆ ಕಿರುಸಾಲ ಎಲ್ಲ ರೋಗಕ್ಕೂ ಮದ್ದು ಎಂಬಂತಾಯಿತು. 2015ರಲ್ಲಿ ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ ದೇಶಗಳಲ್ಲಿ ನಡೆದ ಆರು ಅಧ್ಯಯನಗಳು ಒಟ್ಟಿಗೆ ಪ್ರಕಟವಾದಾಗ ಆ ಉತ್ಸಾಹ ಇಳಿಯಿತು: ಸಾಲದಿಂದ ಅಷ್ಟಿಷ್ಟು ಅನುಕೂಲ ಆಗುತ್ತದೆ, ಬದುಕೇ ಬದಲಾಗುವಷ್ಟು ವರಮಾನ ಸರಾಸರಿಯಲ್ಲಿ ಏರುವುದಿಲ್ಲ. ನನಗೆ ಆಶ್ಚರ್ಯ ಆಗಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಸಾಲ ಕೊಟ್ಟರೆ ಅದೇ ಬೀದಿಯಲ್ಲಿ ಅದೇ ಮಾಲಿಗೆ ಪೈಪೋಟಿ ಹೆಚ್ಚುತ್ತದೆ, ಅಷ್ಟೇ. ದರ ಏರಬೇಕಾದರೆ ಮಾಲು ಒಂದು ಕಡೆ ಸೇರಬೇಕು, ವಿಂಗಡಣೆಯಾಗಬೇಕು, ನೇರ ಕಾರ್ಖಾನೆಯ ಬಾಗಿಲಿಗೆ ಹೋಗಬೇಕು.

ವಿಂಗಡಣೆ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೆಚ್ಚುವರಿ ದುಡ್ಡು ಹುಟ್ಟುವುದೇ ಅಲ್ಲಿ. ನೀರಿನ ಬಾಟಲಿಯ ಮೈ ಪೆಟ್ ಪ್ಲಾಸ್ಟಿಕ್ಕು, ಮುಚ್ಚಳ ಬೇರೆ ಜಾತಿಯದು. ಚೂರು ಮಾಡಿ ನೀರಿಗೆ ಹಾಕಿದರೆ ಪೆಟ್ ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಇಷ್ಟು ಸುಲಭ. ತೊಂದರೆ ಕೊಡುವುದು ಪಿವಿಸಿ ಎಂಬ ಇನ್ನೊಂದು ಜಾತಿಯ ಪ್ಲಾಸ್ಟಿಕ್ಕು. ಅದೂ ಪೆಟ್ ಜೊತೆಗೇ ಮುಳುಗುತ್ತದೆ. ಪೆಟ್ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆ ಕಾವಿಗೆ ಪಿವಿಸಿ ಒಡೆದು ಆಮ್ಲದ ಹೊಗೆ ಬಿಟ್ಟು ಕರಗಿಸಿದ ಮಾಲನ್ನೆಲ್ಲ ಕೆಡಿಸುತ್ತದೆ. ಹಾಗಾಗಿ ಒಂದು ಲೋಡಿನಲ್ಲಿ ಬೆರಳೆಣಿಕೆಯಷ್ಟು ಪಿವಿಸಿ ಬಾಟಲಿ ಕಂಡರೂ ಕಾರ್ಖಾನೆಯವರು ದರ ಮುರಿಯುತ್ತಾರೆ, ಇಲ್ಲವೇ ಲಾರಿಯನ್ನೇ ವಾಪಸು ಕಳಿಸುತ್ತಾರೆ. ನಮ್ಮ ಹೆಂಗಸರು ಬಾಟಲಿಯನ್ನು ಕೈಯಲ್ಲಿ ಮಡಚಿ ನೋಡುತ್ತಾರೆ: ಮಡಿಕೆಯ ಗೆರೆ ಬೆಳ್ಳಗೆ ತಿರುಗಿದರೆ ಪಿವಿಸಿ. ಸುಟ್ಟು ವಾಸನೆ ನೋಡುವ ಹಳೇ ಅಭ್ಯಾಸವನ್ನು ಮಾತ್ರ ಹಟ ಹಿಡಿದು ಬಿಡಿಸಿದೆವು, ಆ ಹೊಗೆ ವಿಷ. ರಟ್ಟಿನದು ಇನ್ನೊಂದು ಕಥೆ. ಹಸಿ ರಟ್ಟು ತೂಕ ಜಾಸ್ತಿ ತೋರಿಸುತ್ತದೆ, ಕಾಗದದ ಮಿಲ್ಲಿನವರಿಗೆ ಅದು ಗೊತ್ತು, ತೇವ ಅಳೆದು ಕಡಿತ ಮಾಡುತ್ತಾರೆ. ಹಾಗಾಗಿ ಸಂಘ ಮಾಲು ಕೂಡಿಡುವ ಶೆಡ್ಡಿಗೆ ಮೊದಲು ಹಾಕಿಸಿದ್ದು ಸೋರದ ಚಾವಣಿ. ಯಂತ್ರ ಆಮೇಲೆ ಬಂತು.

ತಕ್ಕಡಿಯ ಬಗ್ಗೆ ಜಗಳ ಆಗಲೇಬಾರದು ಎಂದು ಎಲೆಕ್ಟ್ರಾನಿಕ್ ತೂಕಯಂತ್ರದ ಅಂಕಿ ಕಾಣುವ ಮುಖವನ್ನು ಮಾಲು ತಂದವರ ಕಡೆಗೇ ತಿರುಗಿಸಿ ಇಟ್ಟೆವು. ಪಕ್ಕದಲ್ಲಿ ಮುದ್ರೆ ಒತ್ತಿದ 20 ಕೆಜಿಯ ಕಲ್ಲು. ಯಾರು ಬೇಕಾದರೂ ಯಾವಾಗ ಬೇಕಾದರೂ ಅದನ್ನು ಎತ್ತಿಟ್ಟು ಪರೀಕ್ಷೆ ಮಾಡಬಹುದು. ಒಬ್ಬ ಅಜ್ಜಿ ಮೂಟೆ ಇಟ್ಟರು, ಅಂಕಿ ನೋಡಿದರು, ಇಳಿಸಿದರು, ಮತ್ತೆ ಇಟ್ಟರು.

"ಯಾಕಜ್ಜಿ, ನಂಬಿಕೆ ಇಲ್ವಾ?" ಅಂದೆ.

"ಅದಲ್ಲ ಕಣವ್ವಾ, ಎರಡು ಸಲಾನೂ ಒಂದೇ ತೂಕ ಬರೋದನ್ನ ನಾನು ಇವತ್ತೇ ನೋಡ್ತಿರೋದು."

ಸದಸ್ಯತ್ವಕ್ಕೆ ನಾವು ಕರಪತ್ರ ಹಂಚಿದ್ದಕ್ಕಿಂತ ಆ ಅಜ್ಜಿ ಬೀದಿ ಬೀದಿಯಲ್ಲಿ ಹೇಳಿಕೊಂಡು ಬಂದದ್ದೇ ಹೆಚ್ಚು ಕೆಲಸ ಮಾಡಿತು.

ಇನ್ನು ದುಡ್ಡಿನ ಲೆಕ್ಕ. ಹೊಸದಾಗಿ ಇಂಥ ಕೆಲಸ ಹಿಡಿಯುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು. ಲಾರಿ ತುಂಬುವಷ್ಟು ಮಾಲು ಕೂಡಲು 10 ದಿನ ಬೇಕು, ಕಾರ್ಖಾನೆ ಬಿಲ್ಲು ಚುಕ್ತಾ ಮಾಡಲು 30 ದಿನ ಎಂದಿಟ್ಟುಕೊಳ್ಳಿ. ಮೊದಲ ದಿನ ತಂದ ಮೂಟೆಯ ದುಡ್ಡು ವಾಪಸು ಬರುವುದು 40 ದಿನಕ್ಕೆ. ಸದಸ್ಯರಿಗೆ ಪ್ರತಿ ಸಂಜೆ ಪೂರ್ತಿ ಕೊಡಬೇಕಾದರೆ ಸಂಘದ ಪೆಟ್ಟಿಗೆಯಲ್ಲಿ 40 ದಿನದ ಖರೀದಿಯ ಹಣ ಇರಲೇಬೇಕು. ನಾವು ಸಂಜೆಗೆ ಶೇ. 70 ಕೊಟ್ಟು ಉಳಿದದ್ದನ್ನು ಬಿಲ್ಲು ಬಂದಮೇಲೆ ಕೊಡುವ ಕಟ್ಟಳೆ ಮಾಡಿದೆವು. ಬೇಕಾದ ಬಂಡವಾಳ 28 ದಿನದ ಖರೀದಿಗೆ ಇಳಿಯಿತು. ಆ 70 ಕೂಡ ಅಂಗಡಿಯವನು ಕೊಡುವುದಕ್ಕಿಂತ ಒಂದು ಕೂದಲೆಳೆಯಷ್ಟಾದರೂ ಮೇಲಿರಬೇಕು, ಇಲ್ಲದಿದ್ದರೆ ಯಾರೂ ಬರುವುದಿಲ್ಲ. ತತ್ವ ಕೇಳಿ ಯಾರ ಹೊಟ್ಟೆಯೂ ತುಂಬುವುದಿಲ್ಲವಲ್ಲ.

ಈ ಬಂಡವಾಳ ಹೊಂದಿಸುವುದೇ ದೊಡ್ಡ ತಲೆನೋವಾಯಿತು. ದಾನಿಗಳೊಬ್ಬರು ಮಾಲನ್ನು ಒತ್ತಿ ಕಟ್ಟು ಕಟ್ಟುವ ಬೇಲಿಂಗ್ ಯಂತ್ರ ಕೊಡಲು ತುದಿಗಾಲಲ್ಲಿ ನಿಂತಿದ್ದರು, ಪೆಟ್ಟಿಗೆಯಲ್ಲಿ ಕೂರುವ ನಗದು ಕೊಡಿ ಅಂದರೆ ಮುಖ ತಿರುಗಿಸಿದರು. ಯಂತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಹುದು, ನಗದಿನ ಮುಂದೆ ಹೇಗೆ ನಿಲ್ಲುವುದು! ಕೊನೆಗೆ ಕೆಲಸಕ್ಕೆ ಬಂದದ್ದು ಕಾರ್ಖಾನೆಯ ಲಿಖಿತ ಖರೀದಿ ಆದೇಶ. ಅದನ್ನು ತೋರಿಸಿ, ಬಿಲ್ಲಿನ ಆಧಾರದ ಮೇಲೆ ಮುಂಗಡ ಕೊಡುವವರೊಬ್ಬರನ್ನು ಒಪ್ಪಿಸಿದೆವು. ಬಡ್ಡಿ ಕಟ್ಟಿದೆವು. ಪುಕ್ಕಟೆ ದುಡ್ಡಿಗೆ ಕಾಯುತ್ತ ಕೂತಿದ್ದರೆ ಶೆಡ್ಡು ಇವತ್ತಿಗೂ ತೆರೆಯುತ್ತಿರಲಿಲ್ಲ.

ಸದಸ್ಯರು ಸಂಘಕ್ಕೇ ಮಾರಬೇಕು ಎಂಬ ಕಡ್ಡಾಯ ನಾವು ಹಾಕಲಿಲ್ಲ. ಹಳೇ ಬಾಕಿ ಇರುವವರು ಅಂಗಡಿಯವನಿಗೂ ಸ್ವಲ್ಪ ಕೊಡುತ್ತಾರೆ, ಕೊಡಲಿ. ಕಟ್ಟಿಹಾಕಿದರೆ ನಮಗೂ ಅವನಿಗೂ ಏನು ವ್ಯತ್ಯಾಸ? ಬಾಕಿ ತೀರಿದಂತೆಲ್ಲ ಅವರೇ ಪೂರ್ತಿ ಈ ಕಡೆ ಬಂದರು. ತಮಾಷೆ ಏನೆಂದರೆ, ಅಂಥ ಅಂಗಡಿಯವರಲ್ಲೊಬ್ಬರು ಈಗ ನಮ್ಮ ಮಾಲನ್ನು ತಮ್ಮ ಲಾರಿಯಲ್ಲಿ ಬಾಡಿಗೆಗೆ ಸಾಗಿಸುತ್ತಾರೆ.

ಉಳಿತಾಯ ಹಂಚುವ ಬಗೆಗೆ ನಾನು ಇಂಗ್ಲೆಂಡಿನ ರಾಚ್‌ಡೇಲ್ ಊರಿನ ನೇಕಾರರು ಮತ್ತಿತರ ಕೆಲಸಗಾರರ ಕಡೆ ನೋಡಿದೆ. 1844ರಲ್ಲಿ ಆ 28 ಮಂದಿ ತಲಾ ಒಂದು ಪೌಂಡ್ ಹಾಕಿ ಅಂಗಡಿ ತೆರೆದವರು, ಲಾಭವನ್ನು ಯಾರು ಎಷ್ಟು ಷೇರು ಹಾಕಿದ್ದಾರೆ ಎನ್ನುವುದರ ಮೇಲೆ ಹಂಚಲಿಲ್ಲ, ಯಾರು ಎಷ್ಟು ಖರೀದಿಸಿದ್ದಾರೆ ಎನ್ನುವುದರ ಮೇಲೆ ಹಂಚಿದರು. ನಾವು ಅದನ್ನು ತಿರುವುಹಾಕಿ, ತಂದ ಮಾಲಿನ ಮೌಲ್ಯಕ್ಕೆ ತಕ್ಕಂತೆ ಪಾಲು ಅಂದೆವು. ಬರೀ ತೂಕ ಹಿಡಿದರೆ ಗಾಡಿ ಇರುವ ಗಟ್ಟಿ ಆಳುಗಳಿಗೇ ಎಲ್ಲ ಹೋಗುತ್ತಿತ್ತು, ಚೆನ್ನಾಗಿ ವಿಂಗಡಿಸಿ ಕಡಿಮೆ ತರುವ ವಯಸ್ಸಾದವರಿಗೆ ಏನೂ ಸಿಗುತ್ತಿರಲಿಲ್ಲ. ಸಭೆಯಲ್ಲಿ ಇದರ ಮೇಲೆ ಗಲಾಟೆಯೇ ನಡೆಯಿತು. ಈಗಲೂ ಎಲ್ಲರಿಗೂ ಒಪ್ಪಿಗೆ ಇಲ್ಲ.

ತೀರಾ ಕಡುಬಡವರಿಗೆ ಈ ದಾರಿ ಸಾಲದು, ಅದನ್ನು ಒಪ್ಪಬೇಕು. ಉಳಿದ ಶೇ. 30ಕ್ಕೂ ಕಾಯಲಾರದ ಮನೆಗಳು ಇವೆ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಶುರುಮಾಡಿದ ಕಾರ್ಯಕ್ರಮ ಇಂಥವರಿಗೆಂದೇ ಇರುವುದು: ದುಡಿಮೆಗೊಂದು ಆಸ್ತಿ, ಕೆಲಕಾಲ ಜೀವನಕ್ಕೆ ಭತ್ಯೆ, ತರಬೇತಿ, ಉಳಿತಾಯ, ಮನೆಗೇ ಬಂದು ವಿಚಾರಿಸುವ ಕಾರ್ಯಕರ್ತರು, ಸುಮಾರು ಎರಡು ವರ್ಷ. ಆರು ದೇಶಗಳಲ್ಲಿ ಅದನ್ನು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂದಾಗ ಕಾರ್ಯಕ್ರಮ ಮುಗಿದು ಒಂದು ವರ್ಷವಾದಮೇಲೂ ಅನುಕೂಲ ಉಳಿದಿತ್ತು. ಅಷ್ಟೆಲ್ಲ ಮಾಡುವ ಶಕ್ತಿ ನಮ್ಮ ಸಂಘಕ್ಕಿಲ್ಲ. ಅಂಥವರನ್ನು ಶೆಡ್ಡಿನ ವಿಂಗಡಣೆ ಕೆಲಸಕ್ಕೆ ದಿನಗೂಲಿಯ ಮೇಲೆ ಸೇರಿಸಿಕೊಂಡೆವು. ಎಲ್ಲರೂ ಉದ್ಯಮಿಯಾಗಬೇಕು ಎಂಬ ಹಟವೇ ನನಗೆ ಅರ್ಥವಾಗುವುದಿಲ್ಲ. ತಿಂಗಳ ಕೊನೆಗೆ ಖಚಿತ ಕೂಲಿ ಸಿಕ್ಕರೆ ಸಾಕು ಅನ್ನುವವರೇ ಜಾಸ್ತಿ.

ಸರಾಸರಿ ವರಮಾನ ಎಷ್ಟು ಏರಿತು ಎಂದು ಭೇಟಿಗೆ ಬಂದವರು ಕೇಳುತ್ತಾರೆ. ನಾನು ಬೇರೆ ಎರಡನ್ನು ಬರೆದಿಡುತ್ತೇನೆ: ಪ್ರತಿ ಮನೆಯ ಅತಿ ಕೆಟ್ಟ ವಾರದ ಗಳಿಕೆ ಎಷ್ಟು, ಅಂಗಡಿಯವನ ಬಾಕಿ ಇನ್ನೂ ಇದೆಯೇ. ಸರಾಸರಿ ಏರಿದ್ದರೂ ಕೆಟ್ಟ ವಾರ ಹಾಗೇ ಉಳಿದಿದ್ದರೆ ಆ ಮನೆ ಮತ್ತೆ ಸಾಲಕ್ಕೆ ಕೈಚಾಚುತ್ತದೆ.

ಕೆಟ್ಟ ವಾರಗಳಿಗೆ ನಮ್ಮ ಕೈಯಲ್ಲಿಲ್ಲದ ಒಂದು ಕಾರಣ ಇದೆ. ಕಚ್ಚಾ ತೈಲದ ಬೆಲೆ ಬಿದ್ದರೆ ಹೊಸ ಪ್ಲಾಸ್ಟಿಕ್ಕು ಅಗ್ಗವಾಗುತ್ತದೆ, ಹಳೆಯದನ್ನು ಕೇಳುವವರಿಲ್ಲ. ಅದಕ್ಕೆ ಬೆಲೆ ಚೆನ್ನಾಗಿದ್ದ ತಿಂಗಳುಗಳಲ್ಲಿ ಒಂದು ಪಾಲು ತೆಗೆದಿಟ್ಟು ಕುಸಿದ ತಿಂಗಳುಗಳಲ್ಲಿ ಸಂಜೆಯ ದರಕ್ಕೆ ತುಂಬುತ್ತೇವೆ, ಆದರೆ ಆ ನಿಧಿ ಎಷ್ಟು ಕಾಲ ಬಾಳೀತು? ಗುಜರಿಯ ಬೆಲೆಯೊಂದನ್ನೇ ನೆಚ್ಚಿ ಕೂತರೆ ಆಗದು. ಬೀದಿ ಚೊಕ್ಕಟ ಮಾಡುವುದೂ ಒಂದು ಸೇವೆ, ಅದಕ್ಕೂ ಕೂಲಿ ಸಲ್ಲಬೇಕು. ಪುಣೆಯಲ್ಲಿ ಚಿಂದಿ ಆಯುವವರ ಸಹಕಾರ ಸಂಘ ಸ್ವಚ್ಛ್ ಮನೆ ಮನೆಯಿಂದ ಕಸ ಸಂಗ್ರಹಿಸಿ ಶುಲ್ಕ ಪಡೆಯುತ್ತದೆ. ಕೊಲಂಬಿಯಾದ ಬೊಗೊಟಾ ನಗರ ನ್ಯಾಯಾಲಯದಲ್ಲಿ ನಡೆದ ದೀರ್ಘ ಹೋರಾಟದ ನಂತರ 2013ರಿಂದ ಆಯುವವರಿಗೆ ತೂಕದ ಲೆಕ್ಕದಲ್ಲಿ ಸೇವಾಶುಲ್ಕ ಕೊಡತೊಡಗಿತು. ನಮ್ಮ ಸಂಘವೂ ಸ್ಥಳೀಯ ಆಡಳಿತಕ್ಕೆ ಅಂಥದೇ ಕರಾರಿನ ಕರಡು ಸಲ್ಲಿಸಿದೆ. ಜೊತೆಗೆ ಲಗತ್ತಿಸಿದ್ದು ಶೆಡ್ಡಿನ ತೂಕದ ಪುಸ್ತಕಗಳ ನಕಲು, ಯಾಕೆಂದರೆ ಎಷ್ಟು ಕಸ ಗುಂಡಿಗೆ ಹೋಗದೆ ಉಳಿಯಿತು ಎಂಬ ಲೆಕ್ಕ ಆಡಳಿತದವರ ಬಳಿಯೂ ಇಲ್ಲ.